ಸುಗುಣಾ ಟೀಚರ್ ಬಾಗಿಲು ತೆಗೆಯಲಿಲ್ಲ

"ಇಷ್ಟು ದಿನ ನಿನ್ನ ವಿಡಿಯೋ ಬರೀ ಮಾತಾಡ್ತಿತ್ತು ಕಣೋ ವಾಮನ. ಇವತ್ತಿಂದ ಉಪಚಾರಾನೂ ಮಾಡುತ್ತೆ!" ಎನ್ನುತ್ತ ನೇಮಿರಾಜ ಪರದೆಯ ಮೇಲಿದ್ದ ಬಟ್ಟೆಯನ್ನು ಅಂತಃಪಟದಂತೆ ಸರಿಸಿದ.

ವಾಮನಮೂರ್ತಿಗಳು ಕುರ್ಚಿಯ ತೋಳು ಹಿಡಿದುಕೊಂಡರು. ಎದುರಿನ ಪರದೆಯಲ್ಲಿ ಹೆಂಡತಿ ಸುಗುಣಾ ಕುಳಿತಿದ್ದರು. ತೀರಿಕೊಂಡು ಹನ್ನೊಂದು ತಿಂಗಳಾಗಿದ್ದರೂ ಹೆರಳಿನ ಹೂವು ಬಾಡಿರಲಿಲ್ಲ.

ಮೈಸೂರಿಗೆ ಓದಲು ಬರುವ ಪರದೇಶದ ವಿದ್ಯಾರ್ಥಿಗಳಿಗೆ ಆ ದಂಪತಿಗಳು ಇದೇ ಮಹಡಿಯ ಕೋಣೆಯಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಕಲಿಸಿದ್ದರು. ಜೊತೆಗೆ ಇಲ್ಲಿನ ರೀತಿನೀತಿಗಳನ್ನೂ: ಆಟೋದವನೊಡನೆ ಚೌಕಾಸಿ ಮಾಡುವುದು, ನೆಂಟರ ಮನೆಗೆ ಹೋಗುವುದು, ಅಲ್ಲಿಂದ ಹೊರಡುವುದು. ಮುನ್ನೂರು ವಿಡಿಯೋಗಳಲ್ಲಿ ಸುಗುಣಾ ನಟಿಸಿದ್ದರು. ಕ್ಯಾಮೆರಾದ ಹಿಂದೆ ನಿಂತವರು ಮೂರ್ತಿಗಳು. ಪಕ್ಕದ ಮನೆಯ ನಿವೃತ್ತ ಭೌತಶಾಸ್ತ್ರದ ಮೇಷ್ಟ್ರು ನೇಮಿರಾಜ ಅಷ್ಟನ್ನೂ ಈ ಯಂತ್ರಕ್ಕೆ ಉಣಿಸಿದ್ದ. ಸಾಲದೆಂಬಂತೆ ಒಂದು ಕಾಫಿ ನಲ್ಲಿಯನ್ನೂ ಬಾಗಿಲಿನ ಬೀಗವನ್ನೂ ಅದಕ್ಕೇ ಜೋಡಿಸಿದ್ದ.

"ಬೀಗ ಯಾಕೋ?"

"ಪಾಠ ಮುಗಿಯೋ ಮುಂಚೆ ಯಾರೂ ಎದ್ದು ಓಡಬಾರದಲ್ಲ! ಸರಿಯಾಗಿ ಬೀಳ್ಕೊಂಡರೆ ಬಾಗಿಲು ತಾನೇ ತೆರ್ಕೊಳ್ಳುತ್ತೆ."

ವಿದ್ಯಾರ್ಥಿಗಳು ಇಬ್ಬರು: ತಜಿಕಿಸ್ತಾನದ ಸಿತೋರಾ, ಯೆಮನಿನ ಯಾಸಿರ್. ಅಂದು ಹನ್ನೊಂದೂವರೆಗೆ ಅವರಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಮಾತಿನ ಪರೀಕ್ಷೆ. ತಪ್ಪಿದರೆ ಪ್ರವೇಶವಿಲ್ಲ, ಪ್ರವೇಶವಿಲ್ಲದಿದ್ದರೆ ಊರಿಗೆ ವಾಪಸು.

ಪಾಠ ಸೊಗಸಾಗಿಯೇ ನಡೆಯಿತು. ಹತ್ತೂಮುಕ್ಕಾಲಿಗೆ ಸಿತೋರಾ ಎದ್ದು ಇಂಗ್ಲಿಷಿನಲ್ಲಿ ವಿನಯದಿಂದ, "ನಾವಿನ್ನು ಹೊರಡುತ್ತೇವೆ ಮೇಡಂ" ಎಂದಳು.

"ಸೋ ಸೂನ್?" ಸುಗುಣಾರ ಹುಬ್ಬು ಮೇಲೇರಿತು. "ಜಸ್ಟ್ ಒನ್ ಕಪ್!"

ನಲ್ಲಿ ಸುರಿಯಿತು. ಕುಡಿದರು. ಬಾಗಿಲು ಮಾತ್ರ ತೆರೆಯಲಿಲ್ಲ.

"ನೋ, ಥ್ಯಾಂಕ್ ಯೂ" ಎಂದ ಯಾಸಿರ್. ಮತ್ತೊಂದು ಲೋಟ! "ಪ್ಲೀಸ್, ನೋ!" ಎಂದ. ಎರಡು ಲೋಟ! ಆ ಮನೆಯಲ್ಲಿ ಮೊದಲ ಮೂರು 'ಬೇಡ'ಗಳನ್ನು ಯಾರೂ ಲೆಕ್ಕಕ್ಕಿಟ್ಟವರಲ್ಲ. ಯಂತ್ರ ಆ ಮರ್ಯಾದೆಯನ್ನು ಚೆನ್ನಾಗಿ ಕಲಿತಿತ್ತು. ಆದರೆ ಎಷ್ಟಕ್ಕೆ ನಿಲ್ಲಿಸಬೇಕೆಂಬುದನ್ನು ಕಲಿತಿರಲಿಲ್ಲ. ಆರನೆಯ ಲೋಟವನ್ನು ಯಾಸಿರ್ ಆಚೆ ತಳ್ಳಿದ. ಆಟೋ ಸ್ಟ್ಯಾಂಡಿನಲ್ಲಿ ಕಲಿತ ಕನ್ನಡದಲ್ಲಿ ಆತ ಕೈಮುಗಿದು ಬೇಡಿದ: "ಬಿಟ್ಬಿಡಿ ಅಕ್ಕಾ! ಸತ್ತೋಗ್ತೀನಿ!"

"ಡೋಂಟ್ ಬಿ ಶೈ" ಎಂದರು ಸುಗುಣಾ.

ಗಡಿಯಾರ ಹನ್ನೊಂದು ದಾಟಿತು. ಸಿತೋರಾ ಸದ್ದಿಲ್ಲದೆ ಅಳುತ್ತಿದ್ದಳು. ನೇಮಿರಾಜ ತಂತಿ ಕತ್ತರಿಸುವ ಇಕ್ಕಳ ಹಿಡಿದು ನಿಂತ.

"ಕರೆಂಟ್ ಕಿತ್ತರೆ ಬಾಗಿಲು ತೆರೆಯುತ್ತೆ. ಆದರೆ ಕಲಿತದ್ದೆಲ್ಲ ಅಳಿಸಿಹೋಗುತ್ತೆ ಕಣೋ. ಇವಳು ಮತ್ತೆ ಹೀಗೆ ಮಾತಾಡಲ್ಲ."

"ಅನಾಹುತ ಮಾಡೋದೂ ನೀನೇ, ಅಪ್ಪಣೆ ಕೇಳೋದೂ ನೀನೇ!"

"ಹೂಂ ಅನ್ನು, ಇಲ್ಲ ಉಹೂಂ ಅನ್ನು. ಮಕ್ಕಳಿಗೆ ಹೊತ್ತಾಯ್ತು."

ಮೂರ್ತಿಗಳು ಸಿತೋರಾಳ ಮುಖ ನೋಡಿದರು. ಪರದೆಯ ಮುಖ ನೋಡಿದರು. 'ಹೂಂ' ಎನ್ನಲು ಬಾಯಿ ತೆರೆದಾಗ ಹಳೆಯದೊಂದು ನೆನಪಾಯಿತು. ನೆಂಟರ ಮನೆಯ ಪ್ರತಿ ವಿಡಿಯೋದ ಕೊನೆಗೂ ಕ್ಯಾಮೆರಾದ ಹಿಂದಿನಿಂದ ಒಂದು ಮಾತು ಕೂಗಿ ಅತಿಥಿಗಳನ್ನು ಬಿಡಿಸುತ್ತಿದ್ದವರು ತಾವೇ. ಹನ್ನೊಂದು ತಿಂಗಳಿಂದ ಕರೆಯದ ಹೆಸರು ಗಂಟಲಿನಲ್ಲಿ ತುಕ್ಕು ಹಿಡಿದ ಕೀಲಿಯಂತೆ ತಿರುಗಿತು.

"ಸುಗುಣಾ, ಸಾಕು ಕಣೇ. ಕಳಿಸಿಕೊಡು, ಅವರಿಗೆ ಹೊತ್ತಾಯ್ತು."

ಪರದೆಯ ಮುಖ ಅವರತ್ತ ತಿರುಗಿತು.

"ಆಯ್ತಪ್ಪಾ, ನಿಮಗೆ ಯಾವಾಗಲೂ ಅವಸರ" ಎಂದರು ಸುಗುಣಾ, ಕನ್ನಡದಲ್ಲಿ. ಬೀಗ ಕಳಚಿತು. ಇಬ್ಬರೂ ಮೆಟ್ಟಿಲು ಹಾರಿ ಓಡಿದರು.

ಇಬ್ಬರೂ ಪಾಸಾದರೆಂದು ಸಂಜೆ ಸುದ್ದಿ ಬಂತು. ಪರೀಕ್ಷಕರು ಇನ್ನು ಹೊರಡಬಹುದು ಎಂದ ಮೇಲೂ ಇಬ್ಬರೂ ತಕ್ಷಣ ಹೊರಡದೆ, ಪರೀಕ್ಷಕರ ಮನೆಯವರ ಯೋಗಕ್ಷೇಮವನ್ನೆಲ್ಲ ಇಂಗ್ಲಿಷಿನಲ್ಲಿ ವಿಚಾರಿಸಿ, ಬಾಗಿಲಲ್ಲಿ ನಿಂತು ಇನ್ನೂ ಅರ್ಧ ಗಂಟೆ ಮಾತಾಡಿದರಂತೆ! ಕೊನೆಗೆ ಪರೀಕ್ಷಕರೇ ಎದ್ದು ಹೋದರಂತೆ.

"ನಾಳೆ ಬಂದು ಆ ಬೀಗ ಸರಿಮಾಡ್ತೀನಿ" ಎಂದ ನೇಮಿರಾಜ.

"ಏನೂ ಬೇಡ."

ಅಂದಿನಿಂದ ಮೂರ್ತಿಗಳು ಪ್ರತಿ ಸಂಜೆ ಮಹಡಿ ಹತ್ತಿ ಪರದೆಯೆದುರು ಕೂರುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಎದ್ದು, "ನಾನಿನ್ನು ಹೊರಡ್ತೀನಿ" ಎನ್ನುತ್ತಾರೆ. ಬೀಗ ಬೀಳುತ್ತದೆ. ಬಾಗಿಲು ತೆರೆಯುವ ಆ ಒಂದು ಮಾತನ್ನು ಮಾತ್ರ ಅವರು ಬೇಗ ಆಡುವುದಿಲ್ಲ.

ಕಾಫಿಗೆ ಡಿಕಾಕ್ಷನ್ ಸಾಲದು ಎಂದು ನೇಮಿರಾಜನಿಗೆ ಎರಡು ಸಲ ಹೇಳಿದ್ದಾರೆ, ಅಷ್ಟೇ.