ನಾಲ್ಕು ಮೂಲೆಗೂ ಅರಿಶಿನ

ವೇಣುಗೋಪಾಲ ಆ ಕಾರ್ಡನ್ನು ದೇವರ ಮುಂದೆ ಇಡಬಾರದಿತ್ತು. ಆದರೆ ಮೈಸೂರಿನಿಂದ ಅತ್ತೆ ಬಂದ ಮೇಲೆ ಪರ್ತಿನ ಕ್ಯಾನಿಂಗ್ ವೇಲ್‌ನ ಅವನ ಮನೆಯಲ್ಲಿ ಯಾವ ವಸ್ತುವೂ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ. ದೇವರ ಗೂಡಾದರೆ ಕ್ಷೇಮ ಅಂದುಕೊಂಡ.

ಅದು ಬೇಸ್‌ಬಾಲ್ ಆಟಗಾರನ ಚಿತ್ರದ ಕಾರ್ಡು. ಕ್ರಿಕೆಟ್ ಬಿಟ್ಟು ಇದರ ಹಿಂದೆ ಬಿದ್ದನಲ್ಲ ಎಂದು ಕನ್ನಡ ಸಂಘದವರೆಲ್ಲ ಆಡಿಕೊಂಡರೂ, 2014ರ ಜನವರಿಯ ಹೊತ್ತಿಗೆ ಪರ್ತ್ ತಂಡದ ಇಪ್ಪತ್ನಾಲ್ಕು ಕಾರ್ಡುಗಳಲ್ಲಿ ಇಪ್ಪತ್ಮೂರನ್ನು ಅವನು ಕೂಡಿಹಾಕಿದ್ದ. ಸಿಗದೆ ಉಳಿದದ್ದು ಹದಿನೇಳನೆಯದು, ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಒಬ್ಬ ಕ್ಯಾಚರನದು. ಇನ್ನೊಬ್ಬ ಕ್ಯಾಚರನ ಒಂಬತ್ತನೆಯ ಕಾರ್ಡು ಮಾತ್ರ ಎರಡೆರಡಿತ್ತು; ದೇವರ ಮುಂದಿಟ್ಟದ್ದು ಅದರಲ್ಲೊಂದು. ಇಬ್ಬರೂ ಮುಖಕ್ಕೆ ಜಾಲರಿ ಹಾಕಿಕೊಂಡು ಕುಕ್ಕರುಗಾಲಲ್ಲಿ ಕೂತವರೇ. ಕಾರ್ಡಿನ ಬೆನ್ನಿಗಿದ್ದ ನಂಬರ್ ನೋಡದೆ ಹೆತ್ತ ತಾಯಿಗೂ ಗುರುತು ಸಿಗುವಂತಿರಲಿಲ್ಲ.

ಹದಿನೇಳು ಇದ್ದದ್ದು ಪಕ್ಕದ ಬೀದಿಯ ಶಿವರುದ್ರಪ್ಪನ ಹತ್ತಿರ. ಅವನಿಗೆ ಒಂಬತ್ತು ಬೇಕಿತ್ತು. ಆ ಶನಿವಾರ ಸಂಜೆ ಅವನು ಅಡಿಲೇಡಿಗೆ ಹೊಸ ಕೆಲಸಕ್ಕೆ ಹೊರಡುವವನಿದ್ದ. ಮೂರು ಗಂಟೆಗೆ ಅದಲುಬದಲು ಎಂದು ಮಾತಾಗಿತ್ತು. ಷರತ್ತು ಒಂದೇ, ಮೂಲೆಗಳು ಹೊಸದರಂತಿರಬೇಕು.

ಹೆಂಡತಿ ಅಹಲ್ಯಾ ಡ್ಯೂಟಿಗೆ ಹೋಗಿದ್ದಳು. ವೇಣು ಸರ್ವೋಗೆ ಹೋಗಿ ಪೆಟ್ರೋಲ್ ಹಾಕಿಸಿಕೊಂಡು, ಕಾರು ತೊಳೆಸಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನವಾಯಿತು.

"ಅಳಿಯಂದ್ರೇ, ನಿಮಗೊಂದು ಸಂತೋಷದ ಸಮಾಚಾರ..." ಅತ್ತೆ ಬಾಗಿಲಲ್ಲೇ ನಗುತ್ತ ನಿಂತಿದ್ದರು.

"ಒಂದ್ನಿಮಿಷ ಇರಿ ಅತ್ತೆ" ಎಂದು ದೇವರ ಗೂಡಿಗೆ ಇಣುಕಿದ. ಕಾರ್ಡಿನ ನಾಲ್ಕು ಮೂಲೆಗೂ ಅರಿಶಿನ! ಕ್ಯಾಚರನ ಜಾಲರಿಯ ಮೇಲೆ ಕುಂಕುಮ!

"ಏನತ್ತೆ ಇದು? ಲಗ್ನಪತ್ರಿಕೆ ಅಂದ್ಕೊಂಡ್ರಾ?"

"ಅಲ್ಲ, ಅದು ಏನಾಯ್ತು ಅಂದ್ರೆ..."

"ಮುಟ್ಟೋದೂ ಮುಟ್ಟಿ ಸಮಜಾಯಿಷಿ ಬೇರೆ! ನೀವು ಬಂದಾಗಿಂದ ಈ ಮನೇಲಿ ನನ್ನ ಒಂದು ಸಾಮಾನೂ ನೆಟ್ಟಗೆ ಉಳಿದಿಲ್ಲ."

ಅತ್ತೆಯ ನಗು ಆರಿತು. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಕೂಗು ಕೇಳಿ ಬೇಲಿಯಾಚೆಯ ಶಂಕರಪ್ಪ ಅಂಕಲ್ ಬಂದೇಬಿಟ್ಟರು. ಕರೆಯದೆ ಬರುವುದು, ಕೇಳದೆ ಸಲಹೆ ಕೊಡುವುದು ಅವರ ರಿಟೈರ್ಡ್ ಜೀವನದ ಎರಡು ಉದ್ಯೋಗಗಳು.

"ಸೋಪ್ ಹಾಕಪ್ಪ, ಹೋಗತ್ತೆ."

ಸೋಪು ತಗುಲಿದ್ದೇ ತಡ, ಹಳದಿ ಕಡುಗೆಂಪಾಯಿತು.

"ಅಯ್ಯೋ, ಓಕುಳಿ ಆಗೋಯ್ತಲ್ಲೋ! ಅರಿಶಿನಕ್ಕೆ ಸೋಪು ಆಗಲ್ಲ, ಮರ್ತೇಬಿಟ್ಟಿದ್ದೆ. ನಿಂಬೆಹಣ್ಣು ತಾ."

ನಿಂಬೆರಸಕ್ಕೆ ಕೆಂಪು ಮತ್ತೆ ಹಳದಿಯಾಯಿತು, ಕಾರ್ಡು ನೆನೆದ ಹಪ್ಪಳವಾಯಿತು. ಅಂಕಲ್ ಇಸ್ತ್ರಿ ಮಾಡು ಅಂದರು. ಮಾಡಿದ. ಕ್ಯಾಚರನು ಜಾಲರಿ ಸಮೇತ ಇಸ್ತ್ರಿಪೆಟ್ಟಿಗೆಗೆ ಅಂಟಿಕೊಂಡು ಎದ್ದುಬಂದ.

"ನೋಡು, ಕಲೆ ಹೋಯ್ತು" ಎಂದು ಅಂಕಲ್ ಮನೆಗೆ ನಡೆದರು.

ವೇಣು ಫೋನ್ ಮಾಡಿದ. "ಸಾರಿ ಶಿವು, ಮೂರು ಗಂಟೆಗೆ ಬಂದು ಪ್ರಯೋಜನ ಇಲ್ಲ. ಒಂಬತ್ತು ಹಾಳಾಗೋಯ್ತು ಕಣೋ."

"ಯಾವ ಒಂಬತ್ತು? ನನ್ನ ಜೇಬಲ್ಲೇ ಇದ್ಯಲ್ಲೋ! ಫ್ಲೈಟ್ ಬೇಗ ಆಯ್ತು ಅಂತ ಬೆಳಿಗ್ಗೆ ನಾನೇ ನಿಮ್ಮನೆಗೆ ಬಂದಿದ್ದೆ. ನಿಮ್ಮತ್ತೆ ದೇವರ ಮುಂದಿದ್ದ ಕಾರ್ಡ್ ತೆಗೆದುಕೊಟ್ರು, ಹದಿನೇಳನ್ನ ಅವರ ಕೈಗೇ ಕೊಟ್ಟೆ. ಹುಷಾರು ಗುರು, ಇನ್ನೆಲ್ಲೂ ಸಿಗಲ್ಲ ಅದು. ಬೋರ್ಡಿಂಗ್ ಕರೀತಿದಾರೆ, ಇಡ್ತೀನಿ."

ವೇಣು ಕಾರ್ಡನ್ನು ಮಗುಚಿದ. ಸುಕ್ಕಾದ ಬೆನ್ನಿನ ಮೇಲೆ ಹದಿನೇಳು ಎಂದಿತ್ತು.

ರೂಮಿನ ಬಾಗಿಲು ತಟ್ಟಿದ. ಅತ್ತೆಯ ಕಣ್ಣು ಕೆಂಪಾಗಿತ್ತು.

"ತಪ್ಪಾಯ್ತು ಅತ್ತೆ."

"ನೀವು ಎರಡು ವರ್ಷದಿಂದ ಹುಡುಕ್ತಿದ್ರಿ ಅಂತ ಅಹಲ್ಯಾ ಹೇಳಿದ್ಲು. ಅಂಥದ್ದು ಮನೆಗೆ ಬಂತಲ್ಲ ಅಂತ ಅರಿಶಿನ ಕುಂಕುಮ ಇಟ್ಟೆ, ಅಷ್ಟೆ. ಇನ್ಮೇಲೆ ನಿಮ್ಮ ಯಾವ ಸಾಮಾನೂ ಮುಟ್ಟಲ್ಲ ಅಳಿಯಂದ್ರೇ."

ಅವರು ಆಡಿದಂತೆಯೇ ನಡೆದುಕೊಂಡರು. ಅವರು ಊರಿಗೆ ಹೊರಡುವವರೆಗೂ ಆ ಮನೆಯಲ್ಲಿ ವೇಣುವಿನ ಪ್ರತಿಯೊಂದು ವಸ್ತುವೂ ಇಟ್ಟ ಜಾಗದಲ್ಲೇ ಇರುತ್ತಿತ್ತು. ಸೋಫಾದ ಮೇಲೆ ಎಸೆದ ಟವೆಲ್ಲನ್ನು ಯಾರಾದರೂ ಮಡಿಸಿಡಬಾರದೇ ಎಂದು ಅವನು ದಿನಾ ನೋಡುತ್ತಿದ್ದ.