ಹೊರಗೆ ಹೋಗೋ ಕಾರ್ಬನ್ ಯಾರು?

ಹೊನ್ನಾವರದ ಕಡೆಯ ಒಂದು ಪಿಯು ಕಾಲೇಜಲ್ಲಿ ನಾನು ಜೀವಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಅಂದ್ರೆ ಗೊತ್ತಲ್ಲ, ವರ್ಷವರ್ಷ "ಇರ್ಲಾ, ಹೋಗ್ಲಾ" ಅಂತ ಬಾಗಿಲಲ್ಲಿ ನಿಲ್ಲೋ ಜಾತಿ. ಸಿಟ್ರಿಕ್ ಆಸಿಡ್ ಚಕ್ರದ ಪಾಠ ಬಂತು ಅಂದ್ರೆ ನನ್ನ ಕ್ಲಾಸಲ್ಲಿ ಎಂತಾದ್ರೂ ಒಂದು ಆಗದೇ ಇರೂದಿಲ್ಲ.

೧. ಹುಳಿ

"ಲಿಂಬೆಹಣ್ಣಿನ ಹುಳಿ ಉಂಟಲ್ಲ, ಅದೇ ಸಿಟ್ರಿಕ್ ಆಸಿಡ್ ನಮ್ಮ ಒಂದೊಂದು ಜೀವಕೋಶದಲ್ಲೂ ತಯಾರಾಗ್ತದೆ" ಅಂದಿದ್ದೆ. ಮರುದಿನ ಒಬ್ಬಳ ಅಮ್ಮ ಬಂದ್ರು.

"ಮೇಡಂ, ಎಂತ ಕಲಿಸಿದ್ರಿ? ಮೀನು ಸಾರಿಗೆ ಹುಳಿ ಹಾಕೂಕೇ ಬಿಡ್ತಿಲ್ಲ ಇವ್ಳು. ಮೈಯೊಳಗೇ ಉಂಟಂತೆ!"

೨. ಪಾಲು

ಬೋರ್ಡಿನ ಚಿತ್ರ ಯಾರ ತಲೆಗೂ ಹತ್ತಲಿಲ್ಲ. ನಾಲ್ಕು ಮಕ್ಕಳನ್ನ ಕೈಕೈ ಹಿಡಿಸಿ ಸುತ್ತ ನಿಲ್ಲಿಸಿದೆ. ನಾಲ್ಕು ಕಾರ್ಬನ್. ಇನ್ನಿಬ್ಬರು ಸೇರಿದ್ರು, ಆರಾಯ್ತು, ಅದೇ ಸಿಟ್ರಿಕ್ ಆಸಿಡ್. ತಿರುಗ್ತಾ ತಿರುಗ್ತಾ ಇಬ್ಬರು ಕಾರ್ಬನ್ ಡೈಆಕ್ಸೈಡ್ ಆಗಿ ಹೊರಗೆ. ಅದೂ ಈಗ ಬಂದವರಲ್ಲ, ಹಳಬರಲ್ಲೇ ಇಬ್ಬರು. ಉಳಿದ ನಾಲ್ವರು ಮತ್ತೆ ಹೊಸ ಸುತ್ತಿಗೆ ತಯಾರು. ಹುಟ್ಟಿದ ಶಕ್ತಿ ಅಂತ ಅವರಿಗೆ ಪೆಪ್ಪರಮೆಂಟ್ ಹಂಚಿದೆ.

ಹೊರಬಿದ್ದವರಲ್ಲಿ ಒಬ್ಬ ಮೀನುಗಾರರ ಮನೆ ಹುಡುಗ. ಅವನಿಗೆ ಸಿಟ್ಟು ಬಂತು. "ರಂಪಣಿ ಬಲೆ ದಡಕ್ಕೆ ಎಳೆವಾಗ ಹಗ್ಗಕ್ಕೆ ಕೈ ಹಾಕಿದ ದಾರಿಹೋಕನಿಗೂ ಮೀನಿನ ಪಾಲು ಕೊಡ್ತಾರೆ ಮೇಡಂ. ನಾನು ತಿರುಗಿದ್ದು ಸುಮ್ನೆನಾ?"

ನ್ಯಾಯವೇ ಅಲ್ದಾ? ಕೊಟ್ಟೆ. ಮರುದಿನ ಇಡೀ ಕ್ಲಾಸು ಕಾರ್ಬನ್ ಡೈಆಕ್ಸೈಡ್ ಆಗೂಕೆ ಕೈ ಎತ್ತಿತ್ತು. ಪಾಲೂ ಸಿಗ್ತದೆ, ಹೊರಗೂ ಹೋಗ್ಬಹುದು!

೩. ತಪಾಸಣೆ

ಅಷ್ಟರಲ್ಲಿ ಇಲಾಖೆಯ ಸಾಹೇಬರು ತಪಾಸಣೆಗೆ ಬಂದ್ರು. ನನ್ನ ಕೆಲಸ ಉಳಿಯೂದು, ಹೋಗೂದು ಅವರ ವರದಿ ಮೇಲೆ. ಮಕ್ಕಳ ಸುತ್ತು ನೋಡಿ ಸಾಹೇಬರಿಗೆ ಹುರುಪು ಬಂತು. "ನಾವಿಬ್ಬರು ಹೊಸ ಕಾರ್ಬನ್!" ಅಂತ ಪ್ರಿನ್ಸಿಪಾಲರನ್ನೂ ಎಳ್ಕೊಂಡು ಒಳಗೆ ಸೇರಿದ್ರು.

ಒಂದು ಸುತ್ತು ಮುಗೀತು. ಹಳಬರಲ್ಲಿ ಇಬ್ಬರು ಹುಡುಗಿಯರು ಹೊರಗೆ ಹೋದ್ರು. ಸಾಹೇಬರು ಗಡಿಯಾರ ನೋಡಿ, "ಆತು, ಹೊರಡ್ತೆ" ಅಂದ್ರು.

ಮೀನಿನ ಪಾಲಿನ ಮಾತಾಡಿದ ಅದೇ ಹುಡುಗ ಅವರ ಕೈ ಬಿಗಿಯಾಗಿ ಹಿಡ್ಕೊಂಡ. "ಹೊಸ ಕಾರ್ಬನ್ ಮೊದಲ ಸುತ್ತಲ್ಲಿ ಹೊರಗೆ ಹೋಗೂಕಿಲ್ಲ ಸರ್!"

"ಭಟ್ಕಳದಲ್ಲಿ ಮೀಟಿಂಗ್ ಉಂಟು ಮಾರಾಯ!"

"ಹೋದ್ರೆ ಉತ್ತರ ತಪ್ಪಾಗ್ತದೆ ಸರ್."

ದೇವ್ರೇ, ನನ್ನ ಕೆಲಸ ಹೋಯ್ತು ಅಂದ್ಕೊಂಡೆ. ಇನ್ನಿಬ್ಬರು ಮಕ್ಕಳು ಒಳಗೆ ಬಂದ್ರು. ಸಾಹೇಬರು ಏದುಸಿರು ಬಿಡ್ತಾ ಇನ್ನೊಂದು ಸುತ್ತು ತಿರುಗಿದ್ರು. ಆಮೇಲೆ ಹುಡುಗ ಅವರನ್ನ ಬಿಟ್ಟ. ಪ್ರಿನ್ಸಿಪಾಲರನ್ನ ಬಿಡಲಿಲ್ಲ; ಎರಡನೇ ಸುತ್ತಲ್ಲಿ ಹೊಸಬರಲ್ಲಿ ಒಬ್ಬರಿಗೆ ಮಾತ್ರ ಬಿಡುಗಡೆ.

ವಾರದ ಮೇಲೆ ವರದಿ ಬಂತು. ಓದಿದೆ: "ಪಾಠ ಅತ್ಯುತ್ತಮ. ಈ ಉಪನ್ಯಾಸಕಿಯನ್ನು ಮುಂದುವರಿಸಿ. ಮುಂದಿನ ತಪಾಸಣೆಗೆ ಬೇರೆ ಯಾರನ್ನಾದರೂ ಕಳಿಸಿ."