ಮಕ್ಕಳು ಅತ್ತರೆ ನಿಲ್ಲುವ ರಾಕ್ಷಸ

ಅನಘಾ, ಸುಮಂತ, ನಮ್ಮ ಮನೆಯಲ್ಲಿ ಒಬ್ಬ ರಾಕ್ಷಸ ಇದ್ದ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಆ ರಾಕ್ಷಸ ಬೆಳಿಗ್ಗೆ ಎದ್ದು ದೋಸೆ ಎರೆಯುತ್ತಿದ್ದ, ನಿಮ್ಮ ಅಪ್ಪನ ಅಂಗಿಗೆ ಗುಂಡಿ ಹಚ್ಚುತ್ತಿದ್ದ, ನಿಮ್ಮ ಅತ್ತೆಗೆ ಎರಡು ಜಡೆ ಹೆಣೆಯುತ್ತಿದ್ದ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕುತ್ತಿಗೆಯ ಹತ್ತಿರ! ರಾಕ್ಷಸನ ಕೈಗೆ ಇಷ್ಟು ಬಂದದ್ದೇ ದೊಡ್ಡದು ಅನ್ನಿ.

ಅವನು ನನ್ನ ಅಣ್ಣ. ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಹೊಗಳಿದರೆ ಅವನಿಗೆ ಸಂಕೋಚವಾಗುತ್ತಿತ್ತು. ನಿಮ್ಮ ಅಜ್ಜಿ ನಾನೋ, ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆ ಓದಿದವಳು, ಬರೆದು ರೂಢಿಯಿಲ್ಲ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ನಮ್ಮ ತವರು ಸಿದ್ದಾಪುರದ ಕಡೆ. ಅಣ್ಣ ಎಂದೂ ಬಗ್ಗದೆ ಬಾಗಿಲು ದಾಟಿದ್ದಿಲ್ಲ. ಎರಡು ಹುಬ್ಬೂ ಕೂಡಿ ಒಂದೇ ಆಗಿತ್ತು. ಇನ್ನು ಗಂಟಲು! ರಸ್ತೆಯಲ್ಲಿ ನಿಂತು ಶಿರಸಿ ಬಸ್ಸಿಗೆ 'ಹೋಯ್' ಎಂದನೆಂದರೆ ಎದುರಿನಿಂದ ಬರುವ ಸಾಗರದ ಬಸ್ಸೂ ನಿಲ್ಲುತ್ತಿತ್ತು. ಡ್ರೈವರು ತಲೆ ಹೊರಗೆ ಹಾಕಿ, "ಎಂತಾ ಆತು? ಯಾರಿಗೆ ಪೆಟ್ಟಾತು?" ಎಂದು ಗಾಬರಿಯಲ್ಲಿ ಕೇಳುತ್ತಿದ್ದ.

ಇಂಥ ಆಳನ್ನು ಯಕ್ಷಗಾನದವರು ಬಿಡುತ್ತಾರೆಯೇ? ರಾಕ್ಷಸ ವೇಷಕ್ಕೆ ಕರೆದುಕೊಂಡು ಹೋದರು. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಬಿಳಿ ಮುಳ್ಳುಗಳ ಹಾಗೆ ಚುಕ್ಕಿ ಇಟ್ಟು, ಕೆಂಪು ಕಪ್ಪು ಬಣ್ಣ ಬಳಿದು ನಿಲ್ಲಿಸಿದರೆ, ಬಣ್ಣ ಬಳಿದವರೇ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಇಬ್ಬರು ತೆರೆ ಹಿಡಿಯಬೇಕು, ಅದರ ಹಿಂದೆ ಅವನು ಕುಣಿಯಬೇಕು, ದೊಂದಿಯ ಬೆಂಕಿಗೆ ರಾಳದ ಪುಡಿ ಎಸೆದು ಭುಗಿಲ್ ಎನಿಸಬೇಕು, ಆಮೇಲೆ ತೆರೆ ಸರಿಸಿ ಅಬ್ಬರಿಸಬೇಕು. ಎಲ್ಲವನ್ನೂ ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಅಬ್ಬರಕ್ಕೆ ಮುಂದಿನ ಸಾಲಿನಲ್ಲಿ ಒಂದು ಮಗು ಅತ್ತಿತೋ, ಮುಗಿಯಿತು! ರಾಕ್ಷಸ ಅಲ್ಲಿಗೇ ನಿಲ್ಲುತ್ತಿದ್ದ. ಚಂಡೆಯವನಿಗೆ ಕೈ ಮಾಡಿ, ರಂಗದ ಅಂಚಿಗೆ ಬಂದು ಬಗ್ಗಿ, "ಅಳಡ ಮಗಾ, ಅಳಡ. ಆನು ಅಡುಗೆ ಮಾಡವ. ನಾಳೆ ಬಾ, ಹೋಳಿಗೆ ಕೊಡ್ತೆ" ಎನ್ನುತ್ತಿದ್ದ.

ಭಾಗವತರು ಜಾಗಟೆ ಕೆಳಗಿಟ್ಟು ಕೇಳಿದರಂತೆ: "ಮಾರಾಯಾ, ನೀನು ರಾಕ್ಷಸನಾ, ಬಾಲವಾಡಿ ಅಕ್ಕೋರಾ?"

ಮೇಳ ಬಿಡಿಸಿದರು. ಇನ್ನೊಂದು ಮೇಳಕ್ಕೆ ಹೋದ. ಅಲ್ಲೂ ಮಕ್ಕಳಿದ್ದರು! ಕಡೆಗೆ ಮದುವೆ ಮುಂಜಿಗಳಲ್ಲಿ ಅಡುಗೆಯನ್ನಷ್ಟೇ ಮಾಡಿಕೊಂಡು ಇದ್ದುಬಿಟ್ಟ. ಮದುವೆಯಾಗಲಿಲ್ಲ. "ಹುಡುಗಿ ಎನ್ನ ನೋಡಿ ಅತ್ತರೆ ಎಂತ ಮಾಡ್ಲೇ?" ಎಂದು ಅದಕ್ಕೂ ಒಂದು ನಗೆ.

ತೊಂಬತ್ತರ ನಂತರದ ಒಂದು ಮಳೆಗಾಲದಲ್ಲಿ ನಿಮ್ಮ ಅಜ್ಜ ಕಾಮಾಲೆಯಾಗಿ ತೀರಿಕೊಂಡರು. ನಾವು ಯಲ್ಲಾಪುರ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅವರು ಟೈಪಿಂಗ್ ಕ್ಲಾಸು ನಡೆಸುತ್ತಿದ್ದರು. ದಿನವಿಡೀ ಟಕಟಕ ಎನ್ನುತ್ತಿದ್ದ ಹೊರಗಿನ ಕೋಣೆ ಒಮ್ಮೆಲೇ ಸುಮ್ಮನಾಯಿತು. ಅಣ್ಣ ಹದಿಮೂರನೆಯ ದಿನದ ಅಡುಗೆಗೆಂದು ಬಂದ. ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆಸಿ, ಸಂಜೆ ನೋಡಿದರೆ ದೋಸೆಗೆ ರುಬ್ಬುತ್ತಿದ್ದಾನೆ.

"ನಾಳೆ ಹೋಗ್ತೆ ತಂಗಿ. ಹಿಟ್ಟು ಇದ್ದು, ಇವತ್ತು ಹೋದ್ರೆ ಹಾಳಾಗ್ತು."

ಮರುದಿನ ದೋಸೆ ಎರೆದ. ಸಂಜೆ ಮತ್ತೆ ರುಬ್ಬಿದ. ಹೀಗೆ ಹಿಟ್ಟು ಹಾಳಾಗಬಾರದೆಂದು ಆ ಮಳೆಗಾಲವೆಲ್ಲ ನಮ್ಮಲ್ಲೇ ಉಳಿದ. ದೋಸೆ ತಿಂದು ತಿಂದು ನಿಮ್ಮ ಅಪ್ಪ, "ಮಾವಾ, ಒಂದಿನ ಅವಲಕ್ಕಿ ಮಾಡಲಾಗ್ತಿಲ್ಯಾ?" ಎಂದು ಬೇಡಿಕೊಂಡ. ಅವಲಕ್ಕಿಗೆ ಹಿಂದಿನ ದಿನವೇ ರುಬ್ಬುವ ಕೆಲಸವಿಲ್ಲವಲ್ಲ! ಅಣ್ಣ ಒಪ್ಪಲಿಲ್ಲ.

ನಿಮ್ಮ ಅಪ್ಪನಿಗೆ ಆಗ ಹತ್ತು ವರ್ಷ. ಬಿದ್ದು ಹೊರಳಿ ಅತ್ತು, ಅತ್ತು ಸುಸ್ತಾಗಿ, ಮೆಲ್ಲಗೆ ಆಟಕ್ಕೆ ಹೋಗತೊಡಗಿದ. ನಿಮ್ಮ ಅತ್ತೆಗೆ ಏಳು. ಅಪ್ಪಯ್ಯನನ್ನು ಒಯ್ಯುವಾಗ ನೋಡುವುದು ಬೇಡವೆಂದು ಅವಳನ್ನು ಪಕ್ಕದ ಮನೆಗೆ ಕಳಿಸಿದ್ದರು. ತಿರುಗಿ ಬಂದಾಗ ಮಂಚ ಖಾಲಿ. ಕೂಸು ಮಂಚದ ಕೆಳಗೆ ಬಗ್ಗಿ ನೋಡಿತು. ಬಚ್ಚಲಿಗೆ ಹೋಗಿ ನೋಡಿತು. ಯಾರನ್ನೂ ಏನೂ ಕೇಳಲಿಲ್ಲ. ಅಂದಿನಿಂದ ಅಳಲೂ ಇಲ್ಲ, ಮಾತೂ ಇಲ್ಲ. ಹಸಿವೆಯಾದರೆ ತಟ್ಟೆ ತಂದು ನನ್ನ ಮುಂದೆ ಇಡುತ್ತಿದ್ದಳು, ಅಷ್ಟೇ.

ಡಾಕ್ಟರು ಪರೀಕ್ಷೆ ಮಾಡಿ, "ಗಂಟಲು ಸರಿ ಇದೆ. ದುಃಖ ಒಳಗೇ ಕೂತಿದೆ. ಒಮ್ಮೆ ಅಳಬೇಕು ಇವಳು; ಅತ್ತರೆ ಮಾತು ಬರುತ್ತದೆ" ಎಂದರು. ಅಣ್ಣ ಮುಖ ಸಣ್ಣ ಮಾಡಿಕೊಂಡು ಕೂತ. ಅವಳನ್ನು ನಗಿಸು ಎಂದಿದ್ದರೆ ಲಾಗ ಹಾಕುತ್ತಿದ್ದ. ಅಳಿಸು ಎಂದರೆ ಏನು ಮಾಡುತ್ತಾನೆ?

ಅಷ್ಟರಲ್ಲಿ ಹುಬ್ಬಳ್ಳಿಯಿಂದ ಒಬ್ಬ ವಿಡಿಯೋದವನು ಬಂದ. ಮದುವೆಗಳ ವಿಡಿಯೋ ತೆಗೆಯುವವನು. ಮದುವೆಯಿಲ್ಲದ ದಿನಗಳಲ್ಲಿ ಅದೇ ಕ್ಯಾಮೆರಾದಲ್ಲಿ ಒಂದು ಭಯಂಕರ ಪಿಕ್ಚರ್ ಮಾಡಬೇಕೆಂದು ಅವನ ಆಸೆ. ಅಣ್ಣ ಅವನಿಗೆ ಯಾವುದೋ ಮದುವೆಯಲ್ಲಿ ಸಾರು ಬಡಿಸಿದ್ದನಂತೆ. "ಆ ಮಾರಿ ನೋಡಿ ನನ್ನ ಕೈಯಾಗಿನ ತುತ್ತು ಬಿದ್ದಿತ್ರೀ ಅಕ್ಕಾರ! ನಿಮ್ಮ ಅಣ್ಣಾರಿಲ್ದ ನಮ್ಮ ಪಿಕ್ಚರ್ ಆಗೂದಿಲ್ಲ" ಎಂದು ನನ್ನ ಹತ್ತಿರ ಬಂದು ಕೂತ. ಅಣ್ಣ ಒಪ್ಪಿದ, ಒಂದು ಷರತ್ತಿನ ಮೇಲೆ: ಪಿಕ್ಚರಿನಲ್ಲಿ ಬರುವ ಅಣ್ಣತಂಗಿ ನಮ್ಮ ಮಕ್ಕಳೇ ಆಗಬೇಕು. "ಬೇರೆಯವ್ರ ಮಕ್ಕಳು ಹೆದ್ರಿಕೊಂಡ್ರೆ?" ಎಂದ. ಹೆದರಿಸಲಿಕ್ಕೇ ಅಲ್ಲವೇ ಅವನನ್ನು ಕರೆದದ್ದು!

ಅರಬೈಲ್ ಘಟ್ಟದ ಹತ್ತಿರ ಸೂರು ಅರ್ಧ ಬಿದ್ದ ಒಂದು ಮನೆಯಲ್ಲಿ ಶೂಟಿಂಗ್. ಬೆಳಿಗ್ಗೆ ರಾಕ್ಷಸನೇ ಎಲ್ಲರಿಗೂ ಉಪ್ಪಿಟ್ಟು ಮಾಡಿ ಬಡಿಸಿ, ಕೈ ತೊಳೆದು, ಬಣ್ಣ ಬಳಿದುಕೊಳ್ಳಲು ಕೂತ. ಕಿಟಕಿಗಳಿಗೆ ನೀಲಿ ಕಾಗದ ಅಂಟಿಸಿ ಹಗಲನ್ನೇ ಇರುಳು ಮಾಡಿದರು. ವಿಡಿಯೋದವನು ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳಿದ: "ಈ ರಾಕ್ಷಸ ನಿಮ್ಮ ಅಪ್ಪನ್ನ ಎತ್ತಿಕೊಂಡು ಹೋಗ್ಯಾನ. ನೀವಿಬ್ರೂ ಹುಡುಕ್ಕೋಂತ ಈ ಮನಿಗೆ ಬಂದೀರಿ."

ಪಾಪ, ಅವನಿಗೆ ನಮ್ಮ ಮನೆಯ ಸುದ್ದಿ ಗೊತ್ತಿರಲಿಲ್ಲ. ಅಣ್ಣ ಅರ್ಧ ಬಳಿದ ಮುಖದಲ್ಲೇ ನನ್ನ ಕಡೆ ನೋಡಿದ. ಕೂಸು ಮಾತ್ರ ಕಥೆ ಹೇಳುವವನ ಬಾಯಿಯನ್ನೇ ನೋಡುತ್ತಿತ್ತು.

"ಸರ, ನೀವು ಬಾಗಿಲದಿಂದ ಒಮ್ಮಿಗೇ ಹಾರ್‍ರಿ!" ಎಂದ ವಿಡಿಯೋದವನು.

"ಹಾಗೆಲ್ಲ ಸೀದಾ ಹಾರೂಕೆ ಆಗೂದಿಲ್ಲ. ರಾಕ್ಷಸ ಬರ್ಬೇಕು ಅಂದ್ರೆ ಮೊದಲು ತೆರೆ ಹಿಡೀಬೇಕು."

"ದೆವ್ವ ಹೇಳಿ ಕೇಳಿ ಬರ್ತದೇನ್ರೀ?"

"ನಿಮ್ಮ ಹುಬ್ಬಳ್ಳಿ ದೆವ್ವ ಹೆಂಗೋ ನಂಗೆ ಗೊತ್ತಿಲ್ಲ. ನಮ್ಮಲ್ಲಿ ರಾಕ್ಷಸನಿಗೂ ಒಂದು ಮರ್ಯಾದೆ ಇದೆ."

ಕಡೆಗೆ ನಾನು ಕೂರಲೆಂದು ಒಯ್ದಿದ್ದ ಹೂವಿನ ಚಾದರವೇ ತೆರೆಯಾಯಿತು. ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ದೀಪದ ಹುಡುಗ. ಅಣ್ಣ ಹಿಂದೆ ನಿಂತು ಕುಣಿದ. ಒಂದು ಕೈ ತೋರಿಸಿದ. ಕಿರೀಟದ ತುದಿ ತೋರಿಸಿದ. ಮತ್ತೆ ಕುಣಿದ. ನಿಮ್ಮ ಅಪ್ಪ ಕೂತು ಒಂದು ಶೇಂಗಾ ಚಿಕ್ಕಿ ತಿಂದು ಮುಗಿಸಿ, "ಮಾವಾ, ಇನ್ನೂ ಆಜಿಲ್ಯಾ?" ಎಂದು ಕೂಗಿದ. ವಿಡಿಯೋದವನು ಹಣೆ ಬಡಿದುಕೊಂಡ. "ಸರ, ಇಷ್ಟರಾಗ ಹುಡುಗೂರು ಓಡಿ ಹುಬ್ಬಳ್ಳಿ ಮುಟ್ತಾರ್ರೀ!"

ತೆರೆ ಸರಿಯಿತು. ಹೇಳಿಕೊಟ್ಟ ಹಾಗೆ ನಿಮ್ಮ ಅಪ್ಪ ಚೀರಿದ. ಚೆನ್ನಾಗಿಯೇ ಚೀರಿದ, ನಿಲ್ಲಿಸು ಎಂದರೂ ನಿಲ್ಲಿಸಲಿಲ್ಲ. ಅವನ ತಂಗಿ ಮಾತ್ರ ಸುಮ್ಮನೆ ನಿಂತಿದ್ದಳು. "ಒದರವ್ವಾ, ಸಣ್ಣವ್ವಾ, ಒಮ್ಮೆ ಒದರು" ಎಂದು ವಿಡಿಯೋದವನು ಗೋಗರೆದ. ಇಲ್ಲ. ಮತ್ತೆ ತೆರೆ, ಮತ್ತೆ ಕುಣಿತ. ಇಲ್ಲ. "ಹೋಗ್ಲಿ ಬಿಡ್ರಿ, ಹುಬ್ಬಳ್ಯಾಗ ಬ್ಯಾರೆ ಹುಡುಗಿ ಕಡೆಯಿಂದ ಒದರಸ್ತೀನಿ" ಎಂದ.

ಅಣ್ಣ ಚಾದರದ ಹಿಂದಿನಿಂದ ನನ್ನ ಕಿವಿಯ ಹತ್ತಿರ ಬಂದ. "ತಂಗಿ, ಹೆದ್ರಸ್ಲಾ?"

ಅವನು ಪಿಕ್ಚರಿನ ಮಾತಾಡುತ್ತಿಲ್ಲ ಎಂದು ನನಗೆ ತಿಳಿಯಿತು.

"ಹೆದ್ರಸು ಅಣ್ಣಯ್ಯ. ಅತ್ತರೂ ನಿಲ್ಲಿಸಡ."

"ಎನ್ನ ಕೈಲಿ ಆಗ್ತಾ?"

ನಾನು ತೆರೆ ಬಿಗಿಯಾಗಿ ಹಿಡಿದೆ.

ಈ ಸಲ ಅವನು ಕುಣಿಯಲಿಲ್ಲ. ದೀಪದ ಹುಡುಗನ ಕೈಯಿಂದ ತೆರೆ ಕಿತ್ತು ಸರಿಸಿ ಅಬ್ಬರಿಸಿದ. ಹುಟ್ಟಿದಾಗಿನಿಂದ ಆ ಗಂಟಲು ಕೇಳಿದವಳು ನಾನು. ನಾನೇ ಒಂದು ಹೆಜ್ಜೆ ಹಿಂದೆ ಸರಿದೆ. ಸೂರಿನ ಮಣ್ಣು ಉದುರಿತು. ಕೂಸು ಗೋಡೆಗೆ ಆತು ನಿಂತಿತು. ತುಟಿ ಅದುರಿತು. ಅಣ್ಣನ ಹೆಜ್ಜೆ ತಡವರಿಸಿದ್ದನ್ನು ನಾನು ನೋಡಿದೆ. ನಿಲ್ಲುತ್ತಾನೆ, ಈಗ ಹೋಳಿಗೆ ಎನ್ನುತ್ತಾನೆ ಎಂದುಕೊಂಡೆ. ನಿಲ್ಲಲಿಲ್ಲ. ಇನ್ನೊಂದು ಹೆಜ್ಜೆ ಮುಂದೆ ಇಟ್ಟು ಮತ್ತೊಮ್ಮೆ ಅಬ್ಬರಿಸಿದ. ಅವನ ಕಣ್ಣಿಂದ ನೀರು ಇಳಿದು ಅಕ್ಕಿಹಿಟ್ಟಿನ ಮುಳ್ಳುಗಳು ಒಂದೊಂದಾಗಿ ಕಳಚಿ ಬೀಳುತ್ತಿದ್ದವು.

"ಅಪ್ಪಯ್ಯಾ!" ಎಂದು ಕೂಸು ಚೀರಿತು.

ಚೀರಿದ್ದೇ, ಓಡಿಹೋಗಲಿಲ್ಲ. ಎದುರಿಗೇ ನುಗ್ಗಿತು. ಆ ಬೆಟ್ಟದಂಥ ರಾಕ್ಷಸನ ಹೊಟ್ಟೆಗೆ, ಎದೆಗೆ ಎರಡೂ ಕೈಯಿಂದ ಗುದ್ದಿತು. "ಕೊಡು! ಎನ್ನ ಅಪ್ಪಯ್ಯನ್ನ ಕೊಡು!" ಅಣ್ಣ ಮಂಡಿಯೂರಿ ಕೂತ. ಮುಖಕ್ಕೂ ಹೊಡೆಯಿತು. ಹೊಡೆಸಿಕೊಂಡ.

"ಎನ್ನ ಹತ್ರ ಇಲ್ಲ ಮಗಾ," ಎಂದ. "ಇದ್ದಿದ್ರೆ ಕೊಡ್ತಿದ್ದೆ."

ಅವಳು ಅವನ ಕುತ್ತಿಗೆಗೆ ಜೋತುಬಿದ್ದು ಅತ್ತಳು. ಅಷ್ಟು ದಿನದ ಅಳುವೆಲ್ಲ ಬಂತು. ನಿಮ್ಮ ಅಪ್ಪನೂ ಹೋಗಿ ಅವರಿಬ್ಬರನ್ನು ಅಪ್ಪಿಕೊಂಡ. ನಾನು ಚಾದರದ ನನ್ನ ತುದಿ ಹಿಡಿದು ನಿಂತೇ ಇದ್ದೆ. ವಿಡಿಯೋದವನು ಮೂಗು ಒರೆಸಿಕೊಳ್ಳುತ್ತ, "ಅಕ್ಕಾರ, ಕ್ಯಾಮೆರಾ ಬಂದ್ ಮಾಡೂದ ಮರ್ತೆ ನೋಡ್ರಿ" ಎಂದ.

ತಿರುಗಿ ಬರುವಾಗ ಟೆಂಪೋದಲ್ಲಿ ಅವಳು ಅವನ ತೊಡೆಯ ಮೇಲೆ ಕೂತಿದ್ದಳು. ಘಟ್ಟ ಹತ್ತಿದ ಮೇಲೆ ಮೆಲ್ಲಗೆ, "ಮಾವಾ, ಕಿವಿ ಹತ್ರ ಬಣ್ಣ ಇದ್ದು" ಎಂದಳು. ಅಣ್ಣ ಒರೆಸಿಕೊಳ್ಳಲಿಲ್ಲ. ಮತ್ತೊಮ್ಮೆ ಹೇಳಲಿ ಎಂದು ಕಾದ. ಹೇಳಿದಳು.

ಪಿಕ್ಚರ್ ಅಲ್ಲಿಗೇ ಮುಗಿಯಿತು. ಬೇರೆ ಕೊನೆ ತೆಗೆಯಲು ವಿಡಿಯೋದವನ ಹತ್ತಿರ ಟೇಪು ಉಳಿದಿರಲಿಲ್ಲ. ಒಂದು ಭಾನುವಾರ ನಮ್ಮೂರ ಕೇಬಲ್ಲಿನಲ್ಲಿ ಹಾಕಿದರು. ಅಕ್ಕಪಕ್ಕದವರೆಲ್ಲ ಹೆದರಲು ತಯಾರಾಗಿ ಬಂದಿದ್ದರು. ಕೊನೆಗೆ ರಾಕ್ಷಸ ಗೊಳೋ ಎಂದು ಅಳುವುದನ್ನು ಕಂಡು ಬಿದ್ದು ಬಿದ್ದು ನಕ್ಕರು. ಪಕ್ಕದ ಮನೆಯಾಕೆ, "ಅಲ್ದೇ, ಆ ಚಾದರ ನಿಮ್ಮನೇದಲ್ದಾ?" ಎಂದಳು. ಅಣ್ಣ ಎಲ್ಲರಿಗಿಂತ ಜೋರಾಗಿ ನಕ್ಕ. ಕೂಸು ನಗಲಿಲ್ಲ, ಅವನ ಬೆರಳು ಹಿಡಿದು ಕೂತಿತ್ತು. ಆಮೇಲೆ ಅವನು ಊರಿಗೆ ಹೋಗುವ ಮಾತೆತ್ತಲಿಲ್ಲ.

ಹದಿಮೂರು ಹದಿನಾಲ್ಕು ವರ್ಷ ನಮ್ಮ ಜೊತೆಗೇ ಇದ್ದ. ಬನವಾಸಿ ಕಡೆಯ ಮದುವೆಗೆ ಅಡುಗೆಗೆ ಹೋದವನು ಎದೆನೋವೆಂದು ಕೂತನಂತೆ, ಅಷ್ಟೇ. ವ್ಯಾನಿನಲ್ಲಿ ಮನೆಗೆ ತಂದರು. ನಿಮ್ಮ ಅತ್ತೆ ಶಿರಸಿಯ ಕಾಲೇಜಿನಿಂದ ಓಡಿ ಬಂದಳು. ಅಂಗಳದಲ್ಲಿ ಮಲಗಿಸಿದ್ದ ಅವನ ಮೇಲೆ ಬಿದ್ದು ಬೀದಿಗೆಲ್ಲ ಕೇಳುವ ಹಾಗೆ ಅತ್ತಳು. ನೆರೆದ ಹಿರಿಯರು, "ಓದಿದ ಕೂಸು, ಹೀಂಗೆಲ್ಲ ಕೂಗಲಾಗ, ಯಾರಾದ್ರೂ ಒಳಗೆ ಕರ್ಕಂಡು ಹೋಗಿ" ಎಂದರು. ಇಬ್ಬರು ಹೆಂಗಸರು ಅವಳ ತೋಳು ಹಿಡಿದರು.

"ಬಿಡಿ ಅದ್ರ," ಎಂದೆ ನಾನು. "ಯಾರೂ ಮುಟ್ಟಡಿ. ಅದು ಅಳ್ಲಿ."

ಅವಳು ಅತ್ತು ಮುಗಿಸುವವರೆಗೆ ಅವನನ್ನು ಎತ್ತಲು ನಾನು ಬಿಡಲಿಲ್ಲ.

ಆ ಪಿಕ್ಚರಿನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ; ಹಾಕಿ ನೋಡುವ ಮಷೀನೂ ಈಗ ಯಾರ ಮನೆಯಲ್ಲೂ ಇಲ್ಲ. ನಿಮಗೆ ನಿಮ್ಮ ಅಜ್ಜಮಾವನನ್ನು ತೋರಿಸಲು ನನ್ನ ಹತ್ತಿರ ಉಳಿದದ್ದು ಈ ಹಾಳೆಗಳು ಮಾತ್ರ. ಅನಘಾ, ಇದನ್ನು ನೀರು ತಾಗದ ಕಡೆ ಇಡು. ಸುಮಂತ, ಹಿಂಬದಿ ಖಾಲಿ ಇದೆಯೆಂದು ಲೆಕ್ಕ ಮಾಡಬೇಡ. ನಿಮ್ಮ ಅತ್ತೆ ಬಂದು ಓದಬೇಕೆಂದರೆ ಕೊಡಿ. ಓದುವಾಗ ಅವಳ ಹತ್ತಿರ ಕೂತಿರಿ. ಓದಿಯಾದ ಮೇಲೆ ತಿರುಗಿ ಮಡಚಿ ಇಡಿ.